ಚೆಂಡು ಬಾರದ ಕಡೆಗೆ ಓಡಿದವನು

“ಯಾವತ್ತೂ ಉಪಯೋಗಕ್ಕೆ ಬಾರದ ಕೆಲಸವನ್ನು ಎಷ್ಟು ವರ್ಷ ಮಾಡಬೇಕು, ಬುದ್ಧಿ?” ಎಂದು ರುದ್ರಮುನಿ ಕೇಳಿದ.

ಕೇಳುವಾಗ ಅವನು ಕೂತಿರಲಿಲ್ಲ. ಬಟ್ಟೆಯ ಚೀಲ ಹೆಗಲಲ್ಲೇ ಇತ್ತು. ಐದೂವರೆಯ ಬಸ್ಸಿಗೆ ಹೋಗಿಬಿಡುವುದೆಂದು ಮನಸ್ಸು ಮಾಡಿಯೇ ಅವನು ಗುರುಗಳ ಎದುರಿಗೆ ಬಂದಿದ್ದ.

ಗುರುಗಳು ಪ್ರತಿ ಸಂಜೆ ಆರು ಗಂಟೆಗೆ ಮಠದ ಅಂಗಳದಲ್ಲಿ ಪ್ರವಚನ ಮಾಡುತ್ತಿದ್ದರು. ಸಾವಿರಾರು ಪದ್ಯಗಳು ಅವರಿಗೆ ಬಾಯಿಗೆ ಬರುತ್ತಿದ್ದವು. ಎದುರಿಗೆ ಪುಸ್ತಕ ಇಟ್ಟುಕೊಳ್ಳುತ್ತಿರಲಿಲ್ಲ. ಪುಸ್ತಕ ಇರುತ್ತಿದ್ದದ್ದು ರುದ್ರಮುನಿಯ ತೊಡೆಯ ಮೇಲೆ. ಅವನು ಗುರುಗಳ ಬೆನ್ನ ಹಿಂದೆ ಕೂತು, ಅವರು ಹೇಳುವ ಸಾಲಿನ ಮೇಲೆ ಬೆರಳಿಟ್ಟು ಸಾಗಬೇಕು. ಅವರು ಎಲ್ಲಾದರೂ ತಡವರಿಸಿದರೆ ಮುಂದಿನ ಪದವನ್ನು ಮೆಲ್ಲಗೆ ಹೇಳಿಕೊಡಬೇಕು. ಒಂಬತ್ತು ವರ್ಷದಿಂದ ಅವನ ಕೆಲಸ ಇದು. ಈ ಒಂಬತ್ತು ವರ್ಷದಲ್ಲಿ ಗುರುಗಳು ಒಂದು ಪದಕ್ಕೂ ತಡವರಿಸಿರಲಿಲ್ಲ.

ರುದ್ರಮುನಿ ತನ್ನ ಸಂಕಟವನ್ನೆಲ್ಲ ಹೇಳಿಕೊಂಡ. ಹೊಳೆಯಾಚೆಯ ಮಠದವರು ಅವನಿಂದಲೇ ಪ್ರವಚನ ಮಾಡಿಸುತ್ತೇವೆಂದು ಕರೆಯುತ್ತಿದ್ದರು. ಇಲ್ಲಿ ಕೂತರೆ ಕಾಲು ಜೋಮು ಹಿಡಿಯುತ್ತದೆ, ಮನಸ್ಸು ಹತ್ತು ಕಡೆ ಓಡುತ್ತದೆ ಎಂದ. ಬೆರಳಿಡುವ ಕೆಲಸಕ್ಕೆ ಯಾರಾದರೂ ಆದೀತು, ಯಾರೂ ಇಲ್ಲದಿದ್ದರೂ ಆದೀತು ಎಂದ.

“ಒಂಬತ್ತು ವರ್ಷದಲ್ಲಿ ತಾವು ಒಂದು ಸಲವೂ ನನ್ನ ಕಡೆ ತಿರುಗಿ ನೋಡಲಿಲ್ಲ,” ಎಂದ.

ಗುರುಗಳು ಬಸ್ಸಿಗೆ ಇನ್ನೂ ಹೊತ್ತಿದೆ, ಚೀಲ ಇಳಿಸಿ ಕೂತುಕೋ ಎಂದರು. ಅವನು ಕೂತ, ಚೀಲ ಇಳಿಸಲಿಲ್ಲ. ಅವರು ಕಂಡೂ ಕಾಣದವರ ಹಾಗೆ ಕತೆ ಶುರು ಮಾಡಿದರು.

ಭಕ್ತರು ಕರೆದರೆಂದು ನಾನೊಮ್ಮೆ ಅಮೆರಿಕಕ್ಕೆ ಹೋಗಿದ್ದೆನಲ್ಲ, ಅಲ್ಲಿ ಕೇಳಿದ ಕತೆ ಇದು. ಅಲ್ಲಿ ಬೇಸ್‌ಬಾಲ್ ಎಂಬ ಆಟವಿದೆ. ಅದು ಪೂರ್ತಿ ನನಗೂ ತಿಳಿಯದು. ಬೇಕಾದಷ್ಟನ್ನು ಹೇಳುತ್ತೇನೆ, ನಡುವೆ ನಿನ್ನ ಕ್ರಿಕೆಟ್ ತರಬೇಡ. ಮೈದಾನದ ಒಳಗೆ ನಾಲ್ಕು ಮೂಲೆಗಳಿವೆ. ಚೆಂಡನ್ನು ಹೊಡೆದವನು ಮೊದಲ ಮೂಲೆಗೆ ಓಡುತ್ತಾನೆ. ಅವನಿಗಿಂತ ಮೊದಲು ಚೆಂಡು ಅಲ್ಲಿಗೆ ತಲುಪಿದರೆ ಅವನು ಔಟ್. ಚೆಂಡನ್ನು ಹೆಕ್ಕಿ ಆ ಮೂಲೆಗೆ ಎಸೆಯುವವನು ಒಬ್ಬ, ಅಲ್ಲಿ ನಿಂತು ಹಿಡಿಯುವವನು ಇನ್ನೊಬ್ಬ. ಇವರಿಂದ ಬಹಳ ದೂರ, ಹುಲ್ಲಿನ ಕೊನೆಯಲ್ಲಿ, ಮೂವರು ನಿಂತಿರುತ್ತಾರೆ. ನಮ್ಮ ಕತೆ ಆ ಮೂವರಲ್ಲಿ ಬಲಗಡೆಗೆ ನಿಂತವನದು.

ಅವನು ಹತ್ತೊಂಬತ್ತನೆಯ ವಯಸ್ಸಿಗೆ ಸಣ್ಣ ಊರೊಂದರ ತಂಡ ಸೇರಿದ. ಮೊದಲ ದಿನವೇ ತರಬೇತುದಾರ ಅವನಿಗೆ ಒಂದು ಕೆಲಸ ಹೇಳಿದ. ಮೊದಲ ಮೂಲೆಗೆ ಯಾರಾದರೂ ಚೆಂಡು ಎಸೆಯುತ್ತಾರೆಂದು ಕಂಡ ಕೂಡಲೇ ನೀನು ಆ ಮೂಲೆಯ ಹಿಂದಕ್ಕೆ ಓಡಬೇಕು, ಎಸೆತ ತಪ್ಪಿದರೆ ಹಿಡಿಯಲು ಅಲ್ಲಿ ಒಬ್ಬನಿರಬೇಕು ಎಂದ. ಇವನು ಓಡಿದ. ಎಸೆತ ತಪ್ಪಲಿಲ್ಲ. ತನ್ನ ಜಾಗಕ್ಕೆ ಹಿಂತಿರುಗಿದ. ಮತ್ತೆ ಓಡಿದ, ಮತ್ತೆ ಹಿಂತಿರುಗಿದ.

ಐದು ವರ್ಷ ಬಸ್ಸಿನಲ್ಲಿ ಊರೂರು ಸುತ್ತಿ ಆಡಿದ ಮೇಲೆ ದೊಡ್ಡ ತಂಡದವರು ಕರೆದರು. ಆ ತಂಡದಲ್ಲಿ ಚೆಂಡು ಹೆಕ್ಕಿ ಮೊದಲ ಮೂಲೆಗೆ ಎಸೆಯುವ ಒಬ್ಬ ಎಸೆತಗಾರನಿದ್ದ. ಅವನ ತೋಳಿನಂಥ ತೋಳು ಇನ್ನೊಂದಿಲ್ಲ ಎಂದು ಎಲ್ಲರೂ ಹೊಗಳುತ್ತಿದ್ದರು. ಹಾಗಿದ್ದರೂ ಇವನಿಗೆ ಓಟ ತಪ್ಪಲಿಲ್ಲ. ಒಂದು ಆಟಕ್ಕೆ ಹತ್ತು ಸಲ, ವರ್ಷಕ್ಕೆ ನೂರೈವತ್ತು ಆಟ. ಜನರ ಕಣ್ಣೆಲ್ಲ ಚೆಂಡಿನ ಮೇಲೆ. ಚೆಂಡಿಲ್ಲದ ಕಡೆ ಓಡುವವನನ್ನು ಅಪ್ಪಿತಪ್ಪಿ ಕಂಡವರು ಇವನಿಗೇನು ಹುಚ್ಚೇ ಎಂದು ನಕ್ಕರು.

ಅವನಿಗೆ ಮನೆಯಲ್ಲೂ ನೆಮ್ಮದಿ ಇರಲಿಲ್ಲ. ಊಟಕ್ಕೆ ಕೂತರೆ ಮೇಜಿನ ಕೆಳಗೆ ಕಾಲು ಕುಣಿಯುತ್ತಿತ್ತು. ಹೆಂಡತಿ ಗದರಿದರೆ ಒಂದು ಗಳಿಗೆ ನಿಂತು ಮತ್ತೆ ಕುಣಿಯುತ್ತಿತ್ತು. ಎಸೆತ ಅವರದು, ಹಿಡಿತ ಅವರದು, ಇದರಲ್ಲಿ ನನ್ನದು ಯಾವುದು ಎಂದು ಅವಳನ್ನೇ ಕೇಳುತ್ತಿದ್ದ. ದೊಡ್ಡ ತಂಡದಲ್ಲಿ ಆಡಿದ ಎಂಟು ವರ್ಷದಲ್ಲಿ ತಪ್ಪಿದ ಎಸೆತವೊಂದು ಅವನ ಕೈಗೆ ಬಂದದ್ದು ನಾಲ್ಕೇ ಸಲ.

“ಅವನಿಗೆ ನಾಲ್ಕು ಸಲವಾದರೂ ಬಂತಲ್ಲ,” ಎಂದ ರುದ್ರಮುನಿ.

ನಿನಗೆ ಅದೂ ಬಂದಿಲ್ಲ, ಗೊತ್ತು, ಸುಮ್ಮನೆ ಕೇಳು ಎಂದು ಗುರುಗಳು ಗದರಿ ಮುಂದುವರಿಸಿದರು.

ಮೂವತ್ತೆರಡನೆಯ ವಯಸ್ಸಿಗೆ ತಂಡದವರು ಅವನನ್ನು ಕೈಬಿಟ್ಟರು. ಅವನಿಗಿಂತ ದೂರಕ್ಕೆ ಚೆಂಡು ಹೊಡೆಯುವ ತರುಣನೊಬ್ಬ ಸಿಕ್ಕಿದ್ದ. ಅವರನ್ನು ತಪ್ಪೆನ್ನುವ ಹಾಗಿಲ್ಲ. ಇವನು ಊರಿಗೆ ಹೋಗಿ ಶಾಲೆಯ ಬಸ್ಸು ಓಡಿಸುವ ಕೆಲಸ ಹಿಡಿದ. ಸಂಜೆ ಕೂತಲ್ಲಿ ಕೂರಲಾರದೆ ಮನೆಯ ಮುಂದೆ ಶತಪಥ ಹಾಕುತ್ತಿದ್ದ. ಹದಿಮೂರು ವರ್ಷ ವ್ಯರ್ಥವಾಗಿ ಓಡಿದೆ ಎಂಬ ಸಂಕಟ ಅವನನ್ನು ಒಳಗೊಳಗೇ ಕೊರೆಯುತ್ತಿತ್ತು.

ಇತ್ತ ಅವನ ಜಾಗಕ್ಕೆ ಬಂದ ತರುಣ ಓಡಲಿಲ್ಲ. ತಪ್ಪದ ಎಸೆತಕ್ಕೆ ನಾನೇಕೆ ಓಡಬೇಕು ಎಂದ. ನಿನ್ನ ಹಾಗೆಯೇ ಅವನದೂ ನ್ಯಾಯವಾದ ಮಾತು. ತಂಡದವರೂ ಒತ್ತಾಯ ಮಾಡಲಿಲ್ಲ. ಆದರೆ ಸ್ವಲ್ಪ ದಿನದಲ್ಲೇ ಆ ಹೆಸರುವಾಸಿ ಎಸೆತಗಾರನಿಗೆ ಏನೋ ಆಯಿತು. ಮೊದಲು ಚೆಂಡು ಕೈಗೆ ಸಿಕ್ಕಿದ್ದೇ ತಡ ಎಸೆಯುತ್ತಿದ್ದವನು ಈಗ ಗುರಿ ನೋಡತೊಡಗಿದ, ಅಳೆದು ಸುರಿದು ಎಸೆಯತೊಡಗಿದ. ಎಸೆತ ಈಗಲೂ ತಪ್ಪುತ್ತಿರಲಿಲ್ಲ. ಆದರೆ ಒಂದು ಕ್ಷಣ ತಡವಾಗುತ್ತಿತ್ತು. ಆ ಒಂದು ಕ್ಷಣದಲ್ಲಿ ಓಡುವವನು ಮೂಲೆ ಮುಟ್ಟಿಬಿಡುತ್ತಿದ್ದ. ವೈದ್ಯರು ತೋಳನ್ನು ಪರೀಕ್ಷೆ ಮಾಡಿ ಏನೂ ದೋಷವಿಲ್ಲ ಎಂದರು. ತಂಡ ಸೋಲುತ್ತಾ ಹೋಯಿತು.

ಒಂದು ದಿನ ಚೆಂಡು ಕೈಯಲ್ಲಿರುವಾಗ ಎಸೆತಗಾರನ ಕಣ್ಣು ಮೊದಲ ಮೂಲೆಯ ಹಿಂದಕ್ಕೆ ಹೋಯಿತು. ಅಲ್ಲಿ ಬರಿಯ ಹುಲ್ಲಿತ್ತು. ಅವನು ಅವತ್ತು ಎಸೆಯಲೇ ಇಲ್ಲ. ಆಟ ಮುಗಿದ ಮರುದಿನ ಹಳೆಯವನ ಊರು ಹುಡುಕಿಕೊಂಡು ಹೋದ. ಹೋಗಿ ಎಲ್ಲವನ್ನೂ ಹೇಳಿದ. ಹಿಂದೆ ನೀನಿದ್ದೀಯ ಎಂಬ ಧೈರ್ಯಕ್ಕೇ ನನ್ನ ಎಸೆತ ನೆಟ್ಟಗಿತ್ತು, ಜನ ಹೊಗಳಿದ ತೋಳಿನಲ್ಲಿ ಅರ್ಧ ನಿನ್ನ ಕಾಲಿನದು ಎಂದ.

ಇವನಿಗೆ ಸಂತೋಷವಾಗಲಿಲ್ಲ, ಸಿಟ್ಟು ಬಂತು. “ಎಂಟು ವರ್ಷದಲ್ಲಿ ಇದನ್ನು ಒಂದು ದಿನವೂ ನನಗೇಕೆ ಹೇಳಲಿಲ್ಲ?” ಎಂದು ಕೇಳಿದ.

“ನೀನಿರುವಾಗ ಅದು ನನಗೇ ಗೊತ್ತಿರಲಿಲ್ಲ,” ಎಂದ ಎಸೆತಗಾರ.

ಈ ಕತೆಯನ್ನು ನನಗೆ ಹೇಳಿದವನು ಆ ಎಸೆತಗಾರನೇ. ಮುದುಕನಾಗಿದ್ದ. ಭಕ್ತರು ನನ್ನನ್ನು ಆಟ ನೋಡಲು ಕರೆದುಕೊಂಡು ಹೋಗಿದ್ದಾಗ ಪಕ್ಕದಲ್ಲಿ ಕೂತಿದ್ದ. ಎಲ್ಲರೂ ಚೆಂಡು ನೋಡುತ್ತಿದ್ದರೆ ಅವನೊಬ್ಬ ಮೂಲೆಯ ಹಿಂದಿನ ಹುಲ್ಲು ನೋಡುತ್ತಿದ್ದ. ಏಕೆಂದು ಕೇಳಿದ್ದಕ್ಕೆ ಇದನ್ನೆಲ್ಲ ಹೇಳಿ ಕಣ್ಣು ಒರೆಸಿಕೊಂಡ.

ಕತೆ ಅಲ್ಲಿಗೆ ನಿಂತಿತು. ರಸ್ತೆಯ ಕಡೆಯಿಂದ ಬಸ್ಸಿನ ಹಾರನ್ ಕೇಳಿಸಿತು. ರುದ್ರಮುನಿ ತಟ್ಟನೆ ಎದ್ದ. ಬಾಗಿಲವರೆಗೆ ಹೋದ. ಅಲ್ಲಿಂದ ಮುಂದಕ್ಕೆ ಕಾಲು ಬರಲಿಲ್ಲ.

“ಎಸೆತಗಾರ ತಡವಾಗಿಯಾದರೂ ಹೋಗಿ ಹೇಳಿದ. ತಾವು ನನಗೆ ಏನು ಹೇಳುತ್ತೀರಿ, ಬುದ್ಧಿ?” ಎಂದು ಅಲ್ಲಿಂದಲೇ ಕೇಳಿದ.

ಗುರುಗಳು ಪ್ರವಚನಕ್ಕೆಂದು ಶಾಲು ಹೊದ್ದುಕೊಳ್ಳುತ್ತಿದ್ದರು. ಅವನ ಕಡೆ ತಿರುಗದೆಯೇ ಹೇಳಿದರು:

“ನೀನು ಹಿಂದೆ ಇದ್ದೀಯೋ ಇಲ್ಲವೋ ಎಂದು ತಿರುಗಿ ನೋಡುವ ಭಯ ಈ ಒಂಬತ್ತು ವರ್ಷದಲ್ಲಿ ನನಗೆ ಒಂದು ಸಂಜೆಯೂ ಬರಲಿಲ್ಲ, ರುದ್ರಮುನಿ.”