ಇಪ್ಪತ್ನಾಲ್ಕನೆಯ ಸ್ಕ್ರೂ

ಹಿಮದ ಬೆಟ್ಟಗಳ ಕೆಳಗೆ, ನದಿಯ ದಂಡೆಯಲ್ಲಿ ಒಂದು ಆಶ್ರಮವಿತ್ತು. ಗುರುಗಳು ಧಾರವಾಡದ ಕಡೆಯವರು. ಅವರನ್ನು ಹುಡುಕಿಕೊಂಡು ಅಷ್ಟು ದೂರ ಬಂದ ನಾಲ್ಕಾರು ಶಿಷ್ಯರೂ ಆ ಕಡೆಯವರೇ. ಎಲ್ಲರೂ ಅವರನ್ನು ಅಜ್ಜಾರು ಎನ್ನುತ್ತಿದ್ದರು.

ಆಶ್ರಮಕ್ಕೊಂದು ಹಳೆಯ ಪಿಕಪ್ ಗಾಡಿ. ಮುಂದೆ ಎರಡೇ ಸೀಟು. ವರ್ಷಕ್ಕೊಮ್ಮೆ, ದಾರಿ ಹಿಮದಲ್ಲಿ ಮುಚ್ಚಿಹೋಗುವ ಮೊದಲು, ಅಜ್ಜಾರು ಅದರಲ್ಲಿ ಮೇಲಿನ ಹಳ್ಳಿಗೆ ಕಂಬಳಿ ಹಂಚಲು ಹೋಗುತ್ತಿದ್ದರು. ಹನ್ನೆರಡು ವರ್ಷದಿಂದ ಗಾಡಿ ಓಡಿಸುತ್ತಿದ್ದವನು ಹಿರಿಯ ಶಿಷ್ಯ ಅಡಿವೆಪ್ಪ.

ಆ ಒಂದು ದಿನಕ್ಕಾಗಿ ಅವನು ವರ್ಷವಿಡೀ ಕಾಯುತ್ತಿದ್ದ. ಉಳಿದ ದಿನ ಅಜ್ಜಾರು ಎಲ್ಲರಿಗೂ ಸೇರಿದವರು. ಆ ದಿನ ಅವನೊಬ್ಬನಿಗೇ.

ಗಾಡಿಯ ಹೀಟರು ಕೆಟ್ಟು ಮೂರು ವರ್ಷವಾಗಿತ್ತು. ಕಾಲಡಿಯ ಮ್ಯಾಟು ಒದ್ದೆಯಾಗುತ್ತಿತ್ತು, ಗಾಜಿನ ಮೇಲೆ ಜಿಡ್ಡು ಮಂಜು ಕೂರುತ್ತಿತ್ತು. ಅಡಿವೆಪ್ಪ ಹೀಟರಿಗೆ ಹೋಗುವ ಎರಡು ಪೈಪುಗಳನ್ನು ಒಂದಕ್ಕೊಂದು ಜೋಡಿಸಿ, ಹೀಟರಿಗೆ ನೀರೇ ಹೋಗದಂತೆ ಮಾಡಿ ಕೈತೊಳೆದುಕೊಂಡಿದ್ದ. ಅಜ್ಜಾರಿಗೆ ಚಳಿಯಾದರೆ ಗಾಡಿ ನಿಲ್ಲಿಸಿ ಅವರ ಮೊಣಕಾಲಿಗೆ ತಾನೇ ಕಂಬಳಿ ಹೊದಿಸುತ್ತಿದ್ದ. ನಿಜ ಹೇಳಬೇಕೆಂದರೆ ಹೀಟರು ಕೆಟ್ಟಿದ್ದೇ ಅವನಿಗೆ ಹಿತವಾಗಿತ್ತು.

ಆಮೇಲೆ ಫಕೀರಪ್ಪ ಬಂದ. ಹುಬ್ಬಳ್ಳಿಯಲ್ಲಿ ಇಪ್ಪತ್ತು ವರ್ಷ ಗ್ಯಾರೇಜು ನಡೆಸಿ, ಅದನ್ನು ತಮ್ಮನಿಗೆ ಬಿಟ್ಟು ಬಂದವನು. ಬಂದ ತಿಂಗಳೊಳಗೇ ಗಾಡಿಯ ಬಾಗಿಲು ತೆಗೆದು ಮೂಸಿ ನೋಡಿದ.

"ಅಜ್ಜಾರ, ಇದರ ಹೀಟರ್ ಕೋರ್ ತೂತ ಬಿದ್ದೈತ್ರಿ. ಒಳಗ ಒಂದು ಸಣ್ಣ ರೇಡಿಯೇಟರ್ ಇರ್ತೈತಿ. ಹೊಸಾದು ಹಾಕಿದ್ರ ಮೊದಲಿನಂಗ ಬಿಸಿ ಬರ್ತೈತಿ."

"ನೀ ಹಾಕ್ತಿ?"

"ಹಾಕ್ತೀನ್ರಿ. ಆದ್ರ ಡ್ಯಾಶ್‌ಬೋರ್ಡ್ ಪೂರಾ ಬಿಚ್ಚಬೇಕು."

"ಬಿಚ್ಚು. ಅಡಿವೆಪ್ಪ ಸ್ಕ್ರೂ ಹಿಡಕೊಂಡು ನಿಂದರ್ತಾನ."

ಅಡಿವೆಪ್ಪನ ಮುಖ ಇಷ್ಟಾಯಿತು. ಹನ್ನೆರಡು ವರ್ಷ ಸ್ಟಿಯರಿಂಗ್ ಹಿಡಿದ ಕೈಗೆ ಈಗ ಸ್ಕ್ರೂ ತಟ್ಟೆ! ಆ ರಾತ್ರಿಯ ಊಟ ಅವನಿಗೆ ಸೇರಲಿಲ್ಲ.

ಕೆಲಸ ಶುರುವಾದದ್ದು ಸೋಮವಾರ. ಆಶ್ರಮದಲ್ಲಿ ಸೋಮವಾರವೆಂದರೆ ಮೌನ. ಸೂರ್ಯ ಹುಟ್ಟಿದಾಗಿನಿಂದ ಸಂಜೆ ದೀಪ ಹಚ್ಚುವ ತನಕ ಯಾರೂ ಮಾತಾಡುವಂತಿಲ್ಲ, ಕೆಲಸ ಮಾತ್ರ ನಡೆಯಬೇಕು.

ಫಕೀರಪ್ಪ ಒಂದೊಂದೇ ಸ್ಕ್ರೂ ಬಿಚ್ಚಿ ತಟ್ಟೆಗೆ ಹಾಕಿದ. ಇಪ್ಪತ್ಮೂರಾಯಿತು. ಡ್ಯಾಶ್‌ಬೋರ್ಡ್ ಎರಡೂ ತುದಿಯಲ್ಲಿ ಸಡಿಲವಾಯಿತು, ನಡುವೆ ಮಾತ್ರ ಬಿಡಲಿಲ್ಲ.

ಯಾಕೆಂದು ಅಡಿವೆಪ್ಪನಿಗೆ ಗೊತ್ತಿತ್ತು. ಆರು ವರ್ಷದ ಹಿಂದೆ ಅಲ್ಲಿ ಗಡಗಡ ಸದ್ದು ಬರುತ್ತಿತ್ತು. ಬೀಡಿ ಬೂದಿ ಉದುರಿಸುವ ಪುಟ್ಟ ಡಬ್ಬಿಯನ್ನು ಎಳೆದು, ಅದರ ಹಿಂದೆ ಒಂದು ಉದ್ದನೆಯ ಸ್ಕ್ರೂ ಬಿಗಿದಿದ್ದ. ಅದು ಕಂಪನಿಯವರು ಹಾಕಿದ್ದಲ್ಲ, ಅವನೇ ಹಾಕಿದ್ದು. ಅವನ ಹೊರತು ಯಾರಿಗೂ ತಿಳಿಯದು.

ಫಕೀರಪ್ಪ ಟಾರ್ಚು ಹಾಕಿ ಹುಡುಕಿದ. ಕೆಳಗೆ ಮಲಗಿ ನೋಡಿದ. ಕೊನೆಗೆ ತಲೆಯೆತ್ತಿ ಅಡಿವೆಪ್ಪನತ್ತ ಕೈಯಾಡಿಸಿದ, ಎಲ್ಲಿ ಎಂಬಂತೆ.

ಬೆರಳು ತೋರಿಸಿದ್ದರೆ ಸಾಕಿತ್ತು. ಬೆರಳಿಗೆ ಮೌನವಿಲ್ಲ. ಅಡಿವೆಪ್ಪ ನದಿಯ ಕಡೆ ತಿರುಗಿ ನಿಂತ. ಇವತ್ತು ಸೋಮವಾರ, ಎಂದುಕೊಂಡ. ಗ್ಯಾರೇಜಿನವನಿಗೆ ಎಲ್ಲಾ ಗೊತ್ತಿರಬೇಕಲ್ಲ, ಎಂದೂ ಅಂದುಕೊಂಡ.

ಫಕೀರಪ್ಪ ಜೋರಾಗಿ ಎಳೆದ. ಫಟ್ಟೆಂದು ಡ್ಯಾಶ್‌ಬೋರ್ಡ್ ನಡುವೆ ಸೀಳಿತು.

ಸೀಳಿನೊಳಗೆ ಉದ್ದನೆಯ ಸ್ಕ್ರೂ ಕಾಣಿಸಿತು. ಫಕೀರಪ್ಪ ಅದನ್ನು ನೋಡಿದ, ಅಡಿವೆಪ್ಪನ ಬೆನ್ನನ್ನು ನೋಡಿದ. ಮತ್ತೆ ಕೆಲಸಕ್ಕೆ ಬಗ್ಗಿದ. ತುಕ್ಕು ಕೆಸರು ತುಂಬಿದ ಹಳೆಯ ಕೋರ್ ತೆಗೆದು ಹೊಸದನ್ನು ಕೂರಿಸಿದ, ಪೈಪು ಜೋಡಿಸಿದ, ಸೀಳನ್ನು ತಂತಿಯಿಂದ ಹೊಲಿದ.

ಸಂಜೆ ದೀಪ ಹಚ್ಚಿದ ಮೇಲೆ ಅಜ್ಜಾರು ಬಂದು ಸೀಳಿನ ಮೇಲೆ ಬೆರಳಾಡಿಸಿದರು.

"ಇದು ಹೆಂಗ ಒಡೀತು?"

"ನಾ ಜೋರ ಮಾಡಿದೆರಿ, ಅಜ್ಜಾರ. ನಂದ ತಪ್ಪು," ಎಂದ ಫಕೀರಪ್ಪ.

ಅಡಿವೆಪ್ಪನಿಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೊಟ್ಟೆಯಲ್ಲಿ ಇನ್ನಷ್ಟು ಕಿಚ್ಚು ಹೊತ್ತಿತು. ಗಾಡಿಯ ಕೆಲಸದಲ್ಲಿ ಮುಂದೆ ಹೋದದ್ದು ಸಾಲದೆಂದು ಒಳ್ಳೆಯತನದಲ್ಲೂ ಇವನೇ ಮುಂದೆ ಹೋಗಬೇಕೆ?

ಅಜ್ಜಾರು ಅವನತ್ತ ತಿರುಗಿದರು.

"ಅಡಿವೆಪ್ಪ, ಇವತ್ತು ಭಾಳ ಗದ್ದಲ ಮಾಡಿದಿ. ನನಗ ಜಪಕ್ಕ ಕೂಡಾಕ ಆಗಲಿಲ್ಲ."

"ನಾನಾ? ನಾ ಒಂದು ಮಾತೂ ಆಡಿಲ್ರಿ!"

"ಹೌದು," ಎಂದರು ಅಜ್ಜಾರು. "ಬರೂ ಸೋಮವಾರ ಹಳ್ಳಿಗೆ ಹೊರಡೂಣು."

ಆ ಸೋಮವಾರ ಬೆಳಕು ಹರಿಯುವ ಮೊದಲೇ ಅಡಿವೆಪ್ಪ ಮಿಂದು, ಗಾಜು ಒರೆಸಿ, ಸ್ಟಿಯರಿಂಗ್ ಮುಂದೆ ಕೂತಿದ್ದ. ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಅಜ್ಜಾರು ಬಂದು ಕೈಚಾಚಿ ಬೀಗದ ಕೈ ಇಸಿದುಕೊಂಡು ಫಕೀರಪ್ಪನಿಗೆ ಕೊಟ್ಟರು.

"ಗಾಡಿ ಬಲ್ಲಾಂವ ಒಬ್ಬ ಮುಂದ ಕೂಡ್ಲಿ. ದಾರಿ ಬಲ್ಲಾಂವ ಒಬ್ಬ ಅವನ ಬಾಜೂ ಕೂಡ್ಲಿ. ನನಗ ಎರಡೂ ಗೊತ್ತಿಲ್ಲ."

ಹಾಗೆಂದು ಹಿಂದೆ ಹತ್ತಿ ಕಂಬಳಿಗಳ ಮೇಲೆ ಕೂತುಬಿಟ್ಟರು. ಅಡಿವೆಪ್ಪ ಬಾಯಿ ತೆರೆಯುವಷ್ಟರಲ್ಲಿ ಬೆಟ್ಟದ ತುದಿಗೆ ಬಿಸಿಲು ತಾಗಿತು. ಮೌನ ಶುರುವಾಯಿತು.

ದಾರಿಯುದ್ದಕ್ಕೂ ಸೀಳಿದ ಡ್ಯಾಶ್‌ಬೋರ್ಡ್ ಗಡಗಡ ಎಂದಿತು. ಸದ್ದು ತಾಳಲಾರದೆ ಅಡಿವೆಪ್ಪ ಅದನ್ನು ಅಂಗೈಯಿಂದ ಒತ್ತಿ ಹಿಡಿದ. ಬೆರಳ ಸಂದಿಗೆ ಬೆಚ್ಚನೆ ಗಾಳಿ ಬಂತು. ಎದುರಿನ ಗಾಜು ತಿಳಿಯಾಗಿತ್ತು. ಹಿಂದೆ ಅಜ್ಜಾರು ತಲೆಗೆ ಶಾಲು ಸುತ್ತಿಕೊಂಡು ನಡುಗುತ್ತಿದ್ದರು. ಇದೆಲ್ಲ ಈ ಮನುಷ್ಯ ಬಂದದ್ದರಿಂದ ಆದದ್ದು ಎಂದು ಅವನು ಹಲ್ಲು ಕಡಿದ.

ಹಳ್ಳದ ಮರದ ಸೇತುವೆ ಬಂತು. ಅಲ್ಲಿ ಉಳಿದವರು ಇಳಿದು ನಡೆದು ದಾಟಬೇಕು, ಡ್ರೈವರ್ ಒಬ್ಬನೇ ಗಾಡಿ ದಾಟಿಸಬೇಕು. ಅಜ್ಜಾರೂ ಅಡಿವೆಪ್ಪನೂ ಮೊದಲು ದಾಟಿ ಆಚೆ ನಿಂತರು.

ಸೇತುವೆಯ ನಡುವೆ ಎಡಗಡೆಯ ಹಲಗೆ ಅಡಿಯಿಂದ ಕೊಳೆತಿತ್ತು. ಪ್ರತಿ ವರ್ಷ ಅಡಿವೆಪ್ಪ ಬಲಗಂಬಿಗೆ ಉಜ್ಜುವಷ್ಟು ಹತ್ತಿರದಲ್ಲಿ ಗಾಡಿ ದಾಟಿಸುತ್ತಿದ್ದ. ಈಗ ಮೊದಲ ಹಿಮ ಬಿದ್ದು ಎಲ್ಲವನ್ನೂ ಒಂದೇ ಸಮ ಮಾಡಿತ್ತು.

ಫಕೀರಪ್ಪ ನಟ್ಟನಡುವೆ ಬರುತ್ತಿದ್ದ. ಕಿಟಕಿಯಿಂದ ತಲೆ ಹೊರಹಾಕಿ ಬಲಗಡೆಯ ಚಕ್ರವನ್ನಷ್ಟೇ ನೋಡುತ್ತಿದ್ದ.

ಅಡಿವೆಪ್ಪ ಕೈ ಬೀಸಿದ. ಫಕೀರಪ್ಪ ನೋಡಲಿಲ್ಲ.

ಇವತ್ತು ಸೋಮವಾರ, ಎಂದಿತು ಮನಸ್ಸು. ಹೋದ ವಾರದ್ದೇ ದನಿ, ಹೋದ ವಾರದ್ದೇ ಮಾತು. ಕೈಯಂತೂ ಬೀಸಿದೆಯಲ್ಲ, ಎಂದಿತು. ಬರುವ ವರ್ಷ ಸೀಟು ನಿನ್ನದೇ, ಎಂದೂ ಅಂದಿತು.

ಆ ಕೊನೆಯ ಮಾತು ಕೇಳಿ ಅಡಿವೆಪ್ಪನಿಗೆ ತನ್ನ ಬಗ್ಗೆಯೇ ಹೆದರಿಕೆಯಾಯಿತು.

"ಫಕೀರಪ್ಪಾ! ನಿಲ್ಲಸೋ ತಮ್ಮಾ! ಎಡಕ್ಕ ಹಲಗಿ ಕೊಳತೈತಿ!"

ಗಾಡಿ ನಿಂತಿತು. ಅಡಿವೆಪ್ಪ ಓಡಿಹೋಗಿ ಕಾಲಿನಿಂದ ಹಿಮ ಸರಿಸಿದ. ಗಾಡಿಯ ಎಡಚಕ್ರಕ್ಕೂ ಕೊಳೆತ ಹಲಗೆಯ ತೂತಿಗೂ ನಡುವೆ ಒಂದು ಗೇಣು ಉಳಿದಿತ್ತು. ಕೆಳಗೆ ನೀರು ಕಾಣುತ್ತಿತ್ತು.

ಅವನು ಕಿಟಕಿ ಹಿಡಿದುಕೊಂಡು ನಿಂತ. ಮೌನ ಹೇಗೂ ಮುರಿದಿತ್ತು.

"ಆ ಬೂದಿ ಡಬ್ಬಿ ಹಿಂದಿನ ಸ್ಕ್ರೂ ನಾನ ಹಾಕಿದ್ದು. ನೀ ಎಳಿಯೂವಾಗ ನನಗ ಗೊತ್ತಿತ್ತು. ಬೇಕಂತ ಸುಮ್ಮನಾದೆ. ನೀ ಬಂದದ್ದು ನನಗ ಸೈರಿಸಾಕ ಆಗಲಿಲ್ಲ, ತಮ್ಮಾ. ಈಗೂ ಆಗವಲ್ದು."

ಫಕೀರಪ್ಪ ತನ್ನ ಅಂಗಿಯ ಕಿಸೆಗೆ ಕೈಹಾಕಿ ಉದ್ದನೆಯ ಸ್ಕ್ರೂ ತೆಗೆದು ಅಡಿವೆಪ್ಪನ ಅಂಗೈಯಲ್ಲಿಟ್ಟ. ಎಂಟು ದಿನದಿಂದ ಅದು ಅಲ್ಲೇ ಇತ್ತು.

ಆಮೇಲೆ ಅಡಿವೆಪ್ಪ ಗಾಡಿಯ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಕೂಗಿ ಕೂಗಿ ದಾರಿ ತೋರಿಸಿದ. ಫಕೀರಪ್ಪ ಬಲಗಂಬಿಗೆ ಉಜ್ಜಿಕೊಂಡು ಗಾಡಿ ದಾಟಿಸಿದ. ಅಜ್ಜಾರು ಎಲ್ಲವನ್ನೂ ನೋಡಿ ಮತ್ತೆ ಹಿಂದೆ ಹತ್ತಲು ಹೋದರು. ಅಡಿವೆಪ್ಪ ಅವರ ಕೈಹಿಡಿದು ತಂದು ಮುಂದೆ ಫಕೀರಪ್ಪನ ಪಕ್ಕ ಕೂರಿಸಿದ. ಬಾಗಿಲು ಮುಚ್ಚಿ ತಾನು ಕಂಬಳಿಗಳ ಮೇಲೆ ಹತ್ತಿ ಕೂತ. ಸೀಟಿನ ಹಿಂದಿನ ಗಾಜಿನೊಳಗೆ ಅವರಿಬ್ಬರ ಬೆನ್ನು ಅಕ್ಕಪಕ್ಕ ಕಾಣುತ್ತಿತ್ತು. ನೋಡಲಾಗದಿದ್ದರೂ ನೋಡಿದ.

ಹಳ್ಳಿ ಮುಟ್ಟಿ, ಕಂಬಳಿ ಹಂಚಿ, ಸಂಜೆ ದೀಪ ಹಚ್ಚಿದ ಮೇಲೆ ಅಡಿವೆಪ್ಪ ಅಜ್ಜಾರ ಕಾಲಿಗೆ ಬಿದ್ದ.

"ತಪ್ಪಾತ್ರಿ, ಅಜ್ಜಾರ. ಇವತ್ತು ಸೋಮವಾರ. ನನ್ನ ಮೌನ ಮುರೀತು."

ಅಜ್ಜಾರು ಅವನ ಹೆಪ್ಪುಗಟ್ಟಿದ ಕೈಗಳನ್ನು ತಮ್ಮ ಬೆಚ್ಚನೆಯ ಕೈಗಳೊಳಗೆ ತೆಗೆದುಕೊಂಡರು.

"ಇಲ್ಲಪಾ ಅಡಿವೆಪ್ಪ. ಹನ್ನೆರಡು ವರ್ಷದಾಗ ಇದೊಂದ ಸೋಮವಾರ ನೀ ಮೌನ ಹಿಡದಿ."