ಕತ್ತಲಲ್ಲಿ ಕವಡೆ ತಡವಿದ ವ್ಯಾಪಾರಿ

"ಗುರುಗಳೇ, ಬೆಳಕಿನಲ್ಲಿ ಒಂದು ರೀತಿ, ಕತ್ತಲಲ್ಲಿ ಇನ್ನೊಂದು ರೀತಿ ನಡೆಯುವವನನ್ನು ಕಪಟಿ ಎನ್ನಬಹುದಲ್ಲವೇ?" ಎಂದು ಶಿಷ್ಯ ಕೇಳಿದ. ಯಾರನ್ನೋ ಮನಸ್ಸಿನಲ್ಲಿ ಇಟ್ಟುಕೊಂಡೇ ಕೇಳಿದ್ದ.

ಗುರು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ. ಸುಳ್ಳಾಡದವನು, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳದವನು ಎಂದು ಅವನಿಗೆ ಹೆಸರು.

ಅವನ ಸೊಸೆಯ ತಂಗಿಗೆ ಮದುವೆ ಗೊತ್ತಾಯಿತು. ವಾರ ಮುಂಚೆಯೇ ತವರಿಗೆ ಹೋಗಬೇಕೆಂದು ಸೊಸೆಯ ಆಸೆ. ಹಪ್ಪಳ ಒತ್ತುವುದು, ಬಳೆ ತೊಡುವುದು, ತಂಗಿಯ ಪಕ್ಕದಲ್ಲಿ ಮಲಗಿ ಬೆಳಗಿನ ತನಕ ಹರಟುವುದು, ಇವೆಲ್ಲ ಮದುವೆಯ ದಿನಕ್ಕೆ ಉಳಿಯುವ ಸಂಗತಿಗಳಲ್ಲ. ಅವಳು ಮನೆಗೆ ಅಂಟಿದ ಅಂಗಡಿಯ ಬಾಗಿಲ ಮರೆಯಲ್ಲಿ ನಿಂತು ಅತ್ತೆಯ ಬಾಯಿಂದ ಕೇಳಿಸಿದಳು. ವ್ಯಾಪಾರಿ ಅಂಗಡಿಯಲ್ಲಿ ನಾಲ್ಕು ಜನರ ಎದುರಿಗೇ ಉತ್ತರ ಕೊಟ್ಟುಬಿಟ್ಟ: ಮನೆಯಲ್ಲಿ ಕೆಲಸವಿದೆ, ಮದುವೆಯ ಹಿಂದಿನ ದಿನ ಹೋದರೆ ಸಾಕು. ಹೇಳಿದ ಹೊತ್ತಿನಿಂದ ಅವನಿಗೇ ಊಟ ರುಚಿಸಲಿಲ್ಲ. ಆದರೆ ಮಾತು ಮಾತೇ.

ಮರುದಿನ ಸಂಜೆ ಬಿರುಗಾಳಿ ಎದ್ದಿತು. ಕರೆಂಟು ಹೋಯಿತು. ಮೇಣದಬತ್ತಿ ಹಚ್ಚಿದಷ್ಟು ಸಲವೂ ಗಾಳಿ ಆರಿಸಿತು. ಯಾರದೋ ಮನೆಯ ತಗಡು ಬೀದಿಯಲ್ಲಿ ಓಡಾಡುತ್ತಿತ್ತು. ಮಗ ಊರಲ್ಲಿರಲಿಲ್ಲ. ಮೂವರೂ ನಡುಮನೆಯಲ್ಲಿ ಕುಳಿತರು.

ಸುಮ್ಮನೆ ಕೂರುವ ಬದಲು ನೀವಿಬ್ಬರೂ ಚೌಕಾಬಾರ ಆಡಿ ಎಂದಳು ವ್ಯಾಪಾರಿಯ ಹೆಂಡತಿ. ನೆಲದ ಕಲ್ಲಿನಲ್ಲಿ ಆಟದ ಮನೆಗಳನ್ನು ಕೆತ್ತಿದ್ದರು, ಬೆರಳಾಡಿಸಿದರೆ ತಿಳಿಯುತ್ತಿತ್ತು. ಅವನ ಕಾಯಿ ಹುಣಸೆಬೀಜ, ಸೊಸೆಯದು ಬಳೆಚೂರು. ಬಾಯಿ ಮೇಲಾಗಿ ಬಿದ್ದ ಕವಡೆ ಎಷ್ಟೋ ಅಷ್ಟು ನಡೆ. ಹಾಕಿದವರೇ ತಡವಿ ಹೇಳಬೇಕು, ಎದುರಿನವರು ನಂಬಬೇಕು. ಸೊಸೆ ಗೆದ್ದರೆ ನಾಳೆಯೇ ತವರಿಗೆ ಎಂದು ಹೆಂಡತಿಯೇ ಪಣ ಕಟ್ಟಿದಳು. ವ್ಯಾಪಾರಿ ಈ ಆಟದಲ್ಲಿ ಸೋತವನಲ್ಲ. ಆಗಲಿ ಎಂದ.

ಬೆಳಕಿನಲ್ಲಿ ಮಾವನ ಮುಂದೆ ಕೂರದ ಸೊಸೆ ಕತ್ತಲಲ್ಲಿ ಎದುರಿಗೇ ಚಕ್ಕಳಮಕ್ಕಳ ಹಾಕಿ ಕುಳಿತಳು.

"ಮಾವ, ನಿಮ್ಮ ಕಾಯಿ ಕಡಿದೆ. ಮತ್ತೆ ಮೊದಲಿನಿಂದ ನಡೆಯಿರಿ. ವಯಸ್ಸಾದವರಿಗೆ ನಡಿಗೆ ಒಳ್ಳೆಯದಂತೆ" ಎಂದು ನಕ್ಕಳು.

ಅವನು ಬೆಚ್ಚಿದ. ಈ ಹುಡುಗಿ ಇಷ್ಟು ಚೆನ್ನಾಗಿ ನಗುತ್ತಾಳೆಂದು ಅವನಿಗೆ ಈವರೆಗೆ ಗೊತ್ತಿರಲಿಲ್ಲ.

ಕೊನೆಗೆ ಇಬ್ಬರಿಗೂ ಒಂದೊಂದು ಕಾಯಿ ನಡುವಿನ ಮನೆ ಸೇರಿ ಹಣ್ಣಾಗುವುದು ಉಳಿಯಿತು. ಅವನಿಗೆ ಒಂದು ಬಿದ್ದರೆ ಗೆಲುವು. ಹೆಚ್ಚು ಬಿದ್ದರೆ ಕಾಯಿ ಕದಲದು. ಹಾಕಿದ. ತಡವಿದ. ಒಂದೇ ಬಿದ್ದಿತ್ತು. ಎರಡು ಎಂದ. ಸೊಸೆ ಹಾಕಿದಳು. ಅವಳಿಗೆ ಬೇಕಾದದ್ದು ಬೀಳಲಿಲ್ಲ. ಪೆದ್ದಿ, ಬಿದ್ದದ್ದನ್ನೇ ಹೇಳಿದಳು. ಅವನು ಮತ್ತೆ ಹಾಕಿದ. ಮತ್ತೆ ಒಂದು. ಬೇಡಿದಾಗ ಒಮ್ಮೆಯೂ ಬೀಳದ ಈ ಒಂದು ಇವತ್ತು ಬೆನ್ನು ಬಿಡದಲ್ಲ ಎಂದು ಅವನು ಬೆವರಿದ. ಮೂರು ಎಂದ.

ಅಷ್ಟರಲ್ಲಿ ಕರೆಂಟು ಬಂತು.

ನೆಲದ ಮೇಲೆ ಮೂರು ಕವಡೆ ಬೋರಲು, ಒಂದು ಅಂಗಾತ. ಮೂವರೂ ನೋಡಿದರು. ಸೊಸೆ ಸೆರಗು ಸರಿಮಾಡಿಕೊಂಡು ಎದ್ದು ನಿಂತಳು. ವ್ಯಾಪಾರಿ ಹುಬ್ಬು ಗಂಟಿಕ್ಕಿ ಗೋಡೆಯ ಕಡೆ ತಿರುಗಿದ. ಹೆಂಡತಿ ಕವಡೆಗಳನ್ನು ಬಾಚಿ ಸೊಸೆಯ ಕೈಗೆ ಸುರಿದಳು.

"ಮೂರು ಎಂದರಲ್ಲ, ಮೂರೇ. ನಿಮ್ಮ ಮಾವ ಅಳೆದದ್ದನ್ನು ಮತ್ತೆ ಅಳೆಯಲು ನಾವು ಯಾರಮ್ಮ? ನೀನು ಹಾಕು."

ಸೊಸೆ ಹಾಕಿದಳು. ಕವಡೆ ಉರುಳಿ ನಿಲ್ಲುವ ಮೊದಲೇ ಹಣ್ಣಾಯಿತು ಎಂದು ಅತ್ತೆ ಸಾರಿದಳು. ಬೆಳಗ್ಗೆ ಸೊಸೆ ಮೊದಲ ಬಸ್ಸು ಹತ್ತಿದಳು. ಅಂಗಡಿಯಲ್ಲಿ ಕೇಳಿದವರಿಗೆಲ್ಲ ವ್ಯಾಪಾರಿ, ಆಟದಲ್ಲಿ ಸೋತೆ, ಏನು ಮಾಡಲಿ ಎಂದು ಮುಖ ಹುಳ್ಳಗೆ ಮಾಡಿ ಹೇಳಿದ.

ಶಿಷ್ಯ ಮನಸಾರೆ ನಕ್ಕ. ಕತ್ತಲಲ್ಲಿ ಅವನು ಆಡಿದ ಸುಳ್ಳನ್ನು ಕ್ಷಮಿಸಬಹುದು ಎಂದ.

"ಅದಿರಲಿ" ಎಂದರು ಗುರು. "ಬೆಳಕಿದ್ದಾಗ ಅವನು ಯಾರಿಗೆ ಹೆದರುತ್ತಿದ್ದ?"