ಮುರಿಗೆಪ್ಪ ಡ್ರೈವರ್ ಹಾಕಿದ್ದು

ಒಬ್ಬಾಕಿ ತಾಯಿ ಇದ್ದಳು, ಆಕಿಗೆ ಒಬ್ಬ ಮಗ ಇದ್ದ. ತಾಯಿಗೆ ಇಬ್ಬರ ಬುದ್ಧಿ ಇತ್ತು, ಯಾಕಂದ್ರ ಮಗನ ಪಾಲಿನದೂ ಆಕಿಗೇ ಬಂದಿತ್ತು. ತಾಯಿ ಚಂಪವ್ವ, ಮಗ ಮುರಿಗೆಪ್ಪ. ಮೂವತ್ತೆರಡು ವರ್ಷದ ಗಂಡಸು. ಮೀಸಿ ಇತ್ತು, ಹೊಟ್ಟಿ ಇತ್ತು, ಆದರ ಹೇಳಿದ ಮಾತನ್ನ ಹೇಳಿದಷ್ಟೇ ಮಾಡೋ ಗುಣ ಮಾತ್ರ ಹೋಗಿರಲಿಲ್ಲ. ಬಾಗಿಲ ನೋಡಕೋತ ಕೂಡು ಅಂದ್ರ ಬಾಗಿಲನ್ನೇ ನೋಡಕೋತ ಕೂಡತಿದ್ದ, ಅದರಾಗ ಹಾಯ್ದು ನಾಯಿ ಅಡಗಿಮನಿಗೆ ಹೋದರೂ. ಈ ಮಗನ್ನ ಕಟಗೊಂಡು ಹೆಂಗ ಬಾಳ್ವೆ ಮಾಡಲಿ ಅಂತ ಚಂಪವ್ವ ದಿನಾ ಹಣಿ ಬಡಕೊಳ್ಳತಿದ್ದಳು.

ಲಕ್ಷ್ಮೇಶ್ವರದ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯೊಳಗ ಆಕಿದೊಂದು ಫ್ಲೆಕ್ಸ್ ಅಂಗಡಿ. ಮದುವಿ, ಹುಟ್ಟುಹಬ್ಬದ ಕೆಲಸ ಬರತಿದ್ದವು, ಆದರ ಹೆಚ್ಚಿಗಿ ಬರತಿದ್ದದ್ದು ಸತ್ತವರ ಬ್ಯಾನರು. ಫೋಟೋ ಕೊಟ್ಟು ಹೆಸರು ಹೇಳಿ ಹೋದರ, ಚಂಪವ್ವ ಫೋಟೋದ ಹಿಂದ ಒಂದು ಮೋಡ ಕೂಡಿಸಿ, ಎಡಕ್ಕೊಂದು ಬಲಕ್ಕೊಂದು ದೀಪ ಕೂಡಿಸಿ, ಭಾವಪೂರ್ಣ ಶ್ರದ್ಧಾಂಜಲಿ ಅಂತ ಬರದು ಕೊಡತಿದ್ದಳು. ಆಕಿ ಆ ಕೆಲಸ ಕಲಿತದ್ದೇ ತನ್ನ ಗಂಡನ ಬ್ಯಾನರಿನಿಂದ.

ಒಂದು ದಿನ ಕಂಪ್ಯೂಟರಿನ ಮದರ್‌ಬೋರ್ಡ್ ಸುಟ್ಟುಹೋತು. ಗದಗಿನಿಂದ ರಿಪೇರಿ ಮಾಡೋ ಇಮ್ತಿಯಾಜ್ ಬಂದ. ಹೊಸಾ ಬೋರ್ಡ್ ಕೂಡಿಸಿದ, ಹಳೇದೆಲ್ಲಾ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿದ. ಅಷ್ಟರಾಗ ಅವಗ ಎಲ್ಲಿಂದೋ ಫೋನ್ ಬಂತು, ಅವಸರದಾಗ ಎದ್ದ. ಕಂಪ್ಯೂಟರಿನ ಡಬ್ಬಿಯ ಬಗಲಿನ ತಗಡು ಬಿಗಿಯೋದನ್ನೂ ಮರತ. ಹೋಗುವಾಗ ಚಂಪವ್ವಗ ಹೇಳಿದ, ಇನ್ನು ಡ್ರೈವರ್ ಹಾಕೋದು ಒಂದು ಉಳಿದದ ಅಕ್ಕಾ, ಅದಾಗೂತನಕ ಇದಕ್ಕ ದನಿಯಿಲ್ಲ, ನೆಟ್ಟಿಲ್ಲ, ಪ್ರಿಂಟರಿನ ಗುರುತೂ ಹತ್ತೂದಿಲ್ಲ. ಎಲ್ಲಾ ಈ ಪೆನ್‌ಡ್ರೈವಿನಾಗ ಇಟ್ಟೀನಿ, ಫೋನಿನಾಗ ಹೇಳಿಕೊಡತೀನಿ ಅಂದ.

ಚಂಪವ್ವ ಊಟಕ್ಕ ಮನಿಗೆ ಹೊಂಟಾಕಿ ಮಗಗ ಒಂದೇ ಮಾತು ಹೇಳಿದಳು, ಇದಕ್ಕ ಡ್ರೈವರ್ ಬೇಕಾಗೇದ ನೋಡಪಾ ಅಂತ.

ಮುರಿಗೆಪ್ಪ ಬಸ್ ಸ್ಟ್ಯಾಂಡಿಗೆ ಹೋದ. ಬಸ್ಸಿನವರು ಯಾರೂ ಬರಲಿಲ್ಲ, ಟೆಂಪೋದವರು ಬರಲಿಲ್ಲ. ಕಡೀಕ ಒಬ್ಬ ಖಾಲಿ ಸಿಕ್ಕ, ಹೆಣ ಒಯ್ಯೋ ಮುಕ್ತಿ ವಾಹನದ ಡ್ರೈವರ. ಎಲ್ಲಿಗೆ ಅಂತ ಅಂವ ಕೇಳಿದ, ನಮ್ಮ ಅಂಗಡಿಗೆ ಅಂತ ಇಂವ ಹೇಳಿದ. ಗಾಡಿ ಬಂದು ಅಂಗಡಿ ಮುಂದ ನಿಂತಕೂಡಲೇ ಓಣಿಯವರೆಲ್ಲಾ ಅರ್ಧ ಅರ್ಧ ಶಟರ್ ಇಳಿಸಿದರು. ಯಾರು ಹೋದರು ಅಂತ ಯಾರೂ ಕೇಳಲಿಲ್ಲ, ಚಪ್ಪಲಿ ಬಿಟ್ಟು ಕೈ ಕಟ್ಟಿ ನಿಂತರು. ಚಂಪವ್ವ ಊಟ ಮುಗಿಸಿ ಓಣಿಗೆ ಹೊಳ್ಳಿದಾಗ ನೋಡ್ತಾಳ, ತನ್ನ ಅಂಗಡಿ ಮುಂದ ಆ ಗಾಡಿ, ಊರೆಲ್ಲಾ ಸುಮ್ಮನ ನಿಂತದ. ಹೋದಾಂವ ಮಗನೇ ಅಂದುಕೊಂಡಳು. ನಡುದಾರಿಯೊಳಗ ಕುಂತುಬಿಟ್ಟಳು. ಮಗ ಒಳಗಿಂದ ಬಂದು, ಡ್ರೈವರ್‌ನ ಕುರ್ಚಿ ಮ್ಯಾಲೆ ಕೂಡಿಸೀನಿ ಯವ್ವಾ, ಇನ್ನ ದನಿ ಬಂದಿಲ್ಲ ಅಂದ.

ಅವತ್ತು ಬೈದ ಬೈಗುಳ ಏನು ಹೇಳಲಿ. ಡ್ರೈವರ್ ಅಂದ್ರ ಮನಷಾ ಅಲ್ಲ, ಅದು ಡಬ್ಬಿಯೊಳಗ ಹಾಕೋದು. ಇನ್ನ ಮ್ಯಾಲೆ ಇದರ ಸಲುವಾಗಿ ಯಾರು ಏನು ತಂದುಕೊಟ್ಟರೂ ಹೊರಗ ಇಟಗೋಬ್ಯಾಡ, ಸೀದಾ ಡಬ್ಬಿಯೊಳಗ ಹಾಕು ಅಂದಳು. ಹಾಕ್ತೀನಿ ಅಂದ ಮಗ.

ಮರುದಿನ ನೀಲವ್ವ ಬಂದಳು. ಆಕಿ ಗಂಡ ಪರಪ್ಪ ಟೇಲರ್ ತೀರಿಕೊಂಡು ಐದು ದಿನ ಆಗಿತ್ತು. ನಲವತ್ತು ವರ್ಷ ದಮ್ಮಿನ ಬ್ಯಾನಿ ಕಟ್ಟಿಕೊಂಡೇ ಹೊಲಿಗಿ ಮಷಿನ್ ತುಳದಂವ. ಹನ್ನೊಂದನೇ ದಿನಕ್ಕ ಶಿವಗಣಾರಾಧನೆ ಇಟ್ಟೀವಿ, ಅಷ್ಟರಾಗ ಬ್ಯಾನರ್ ಬೇಕು ಅಂತ ಇದ್ದೊಂದೇ ಫೋಟೋ ಮುರಿಗೆಪ್ಪನ ಕೈಯಾಗ ಇಟ್ಟು ಹೋದಳು. ಚಂಪವ್ವ ಆಗ ಅಂಗಡಿಯಾಗ ಇರಲಿಲ್ಲ. ಮುರಿಗೆಪ್ಪ ಬಗಲಿನ ತಗಡು ಸರಿಸಿ ಫೋಟೋ ಒಳಗ ಹಾಕಿ ತಗಡು ಮುಚ್ಚಿದ.

ಚಂಪವ್ವ ಬಂದು ಕಂಪ್ಯೂಟರ್ ಚಾಲೂ ಮಾಡಿದಳು. ಒಳಗಿಂದ ಉಸಿರಾಡೋ ಸಪ್ಪಳ ಬಂತು. ಎರಡು ಸಣ್ಣ ಉಸಿರು, ನಡುವ ಒಂದು ತಡೆ, ಆಮ್ಯಾಲೆ ಎದಿಯೊಳಗಿಂದ ಬಂದಂಗ ಉದ್ದನ್ನ ಸೀಟಿ. ದನಿಯ ಡ್ರೈವರ್ ಇನ್ನೂ ಹಾಕೇ ಇಲ್ಲ, ಸ್ಪೀಕರಿನ ವೈರನ್ನೂ ಚುಚ್ಚಿಲ್ಲ. ಆಕಿ ಬಂದ್ ಮಾಡಿದಳು, ನಿಂತಿತು. ಚಾಲೂ ಮಾಡಿದಳು, ಮತ್ತ ಎರಡು ಸಣ್ಣ ಉಸಿರು, ತಡೆ, ಸೀಟಿ. ಮಟಮಟ ಮಧ್ಯಾಹ್ನ, ಹೊರಗ ಬಿಸಲು ಸುಡತಿತ್ತು, ಆಕಿ ಸೆರಗು ಹೊದಕೊಂಡಳು.

ಅದೇ ಹೊತ್ತಿಗೆ ನೀಲವ್ವ ಹೊಳ್ಳಿ ಬಂದಳು, ಗಂಡನ ಹುಟ್ಟಿದ ವರ್ಷ ಹೇಳೋದು ಮರತಿದ್ದಳಂತ. ಹೊಸ್ತಿಲದಾಗ ನಿಂತಾಕಿ ನಿಂತಂಗೇ ಉಳದಳು. ಆಮ್ಯಾಲೆ ಬಂದು ಡಬ್ಬಿಯ ಮಗ್ಗಲಕ್ಕ ನೆಲದ ಮ್ಯಾಲೆ ಕುಂತಳು, ಯಾರೋ ಹಾಸಿಗಿ ಹಿಡದವರ ಮಗ್ಗಲಕ್ಕ ಕೂಡೋ ಹಂಗ. ಗುಳಗಿ ತಗೊಂಡ್ರೇನು ಅಂತ ಡಬ್ಬಿಯನ್ನ ಮೆಲ್ಲಕ ಕೇಳಿದಳು.

ಚಂಪವ್ವ ಮಗನ ಮಾರಿ ನೋಡಿದಳು. ಏನು ಮಾಡಿದಿ ಅಂತ ಕೇಳಿದಳು. ನೀ ಹೇಳಿದಂಗ ಒಳಗ ಹಾಕೀನಿ ಅಂದ ಅಂವ. ತಗಡು ತಗದು ನೋಡಿದರ ಪರಪ್ಪ ಟೇಲರ್ ಫ್ಯಾನಿಗೆ ಆತು ನಿಂತಾನ, ಫ್ಯಾನಿನ ಎಲಿ ಅವನ ಎಡಭುಜದ ಅಂಚನ್ನ ಸವರಕೋತ ತಿರಗತದ. ಚಂಪವ್ವ ಫೋಟೋ ಎಳದು ತಗದಳು. ಉಸಿರು ನಿಂತಿತು.

ನೀಲವ್ವ ಡಬ್ಬಿ ಮ್ಯಾಲೆ ಕೈ ಇಟ್ಟು ನೋಡಿದಳು. ಆಮ್ಯಾಲೆ ಕೇಳಿದಳು: "ಯಾಕ ನಿಲ್ಲಿಸಿದಿ ಯವ್ವಾ?"

ಚಂಪವ್ವ ಆಕಿಯನ್ನ ಮನಿಗೆ ಮುಟ್ಟಿಸಿ ಬಂದು ಮಗನ್ನ ಬೈದಳು. ನಿನ್ನ ಕೈಯಿಂದ ಏನೂ ಹಾಕಬ್ಯಾಡ, ಏನೂ ತಗೀಬ್ಯಾಡ. ಪೆನ್‌ಡ್ರೈವ್ ಚುಚ್ಚೀನಿ, ಡ್ರೈವರ್ ಹಾಕಲೇನು ಅಂತ ಕಂಪ್ಯೂಟರೇ ಕೇಳತದ. ಅದು ಏನು ಕೇಳಿದರೂ ಹೌದು ಅನ್ನು, ಅಷ್ಟ ಸಾಕು ಅಂದಳು.

ಮರುದಿನ ಮುರಿಗೆಪ್ಪ ಪರದೆ ಮುಂದ ಕುಂತ. ಹಾಕಲೇನು ಅಂತ ಪರದೆ ಕೇಳಿತು. ಹೌದು ಅಂದ. ಪರದೆ ಅಲ್ಲಾಡಲಿಲ್ಲ. ಹೌದು ಅಂದ. ಮುಂಜಾನಿಂದ ಸಂಜೀತನಕ ಖಾಲಿ ಅಂಗಡಿಯಾಗ ಒಬ್ಬನೇ ಕುಂತು, ತಡತಡದು, ಹೌದು, ಹೌದು ಅನ್ನಕೋತ ಇದ್ದ. ಹಾದಿಯೊಳಗ ಹೋಗೋರಿಗೆ ಅವನ ಹೌದು ಅಷ್ಟ ಕೇಳತಿತ್ತು, ಕೇಳಿದವರು ಯಾರು ಅನ್ನೋದು ಕಾಣತಿರಲಿಲ್ಲ. ಬಾಜೂ ಕಿರಾಣಿ ಅಂಗಡಿಯಾಂವ ಎದ್ದು ಹೋಗಿ ತನ್ನ ಬಾಗಿಲಿಗೆ ನಿಂಬಿಹಣ್ಣು ಕಟ್ಟಿದ.

ಚಂಪವ್ವ ಬಂದು ಮತ್ತ ಬೈದಳು. ಮಷಿನ್ನಿಗೆ ಬೆರಳಿಲೆ ಹೌದು ಅನ್ನಬೇಕು, ಬಾಯಿಲೆ ಹೌದು ಅನ್ನೋದು ಮನಷಾರಿಗೆ, ತಿಳೀತೇನು ಅಂತ ಕೇಳಿದಳು. ಹೌದು ಅಂದ ಮುರಿಗೆಪ್ಪ, ಬಾಯಿಲೆ. ಆಕಿ ತಾನ ಮಗ್ಗಲಕ್ಕ ಕುಂತಳು. ಇಮ್ತಿಯಾಜ್ ಫೋನಿನಾಗ ಹೇಳಕೋತ ಹೋದ, ಮುರಿಗೆಪ್ಪ ಬೆರಳು ಒತ್ತಕೋತ ಹೋದ. ಮೊದಲ ಬೋರ್ಡಿನದು, ಆಮ್ಯಾಲೆ ನೆಟ್ಟಿನದು, ಪರದೆಯದು, ಪ್ರಿಂಟರಿನದು, ಕಡೀಕ ದನಿಯದು. ಒಂದೊಂದು ಹಾಕಿದಾಗೂ ಕಂಪ್ಯೂಟರ್ ಕಣ್ಣು ಮುಚ್ಚಿ ತೆರೀತು. ಎಲ್ಲಾ ಸರಿಯಾತು. ಪರದೆ ಮ್ಯಾಲಿನ ಯಾದಿಯೊಳಗ ಒಂದರ ಮುಂದ ಮಾತ್ರ ಹಳದಿ ಗುರುತು ಉಳೀತು, ಅದಕ್ಕ ಹೆಸರಿರಲಿಲ್ಲ. ಒಳಗ ಒಂದು ಏನೋ ಅದ, ಗುರುತು ಹತ್ತವಲ್ದು, ಇರಲಿ ಬಿಡ್ರಿ, ಕೆಲಸಕ್ಕ ಅಡ್ಡಿಯಿಲ್ಲ ಅಂದ ಇಮ್ತಿಯಾಜ್. ಚಂಪವ್ವ ಪರಪ್ಪನ ಬ್ಯಾನರ್ ಮಾಡಿದಳು. ಭುಜದ ಸವೆದ ಜಾಗಾಕ್ಕ ಮೋಡ ಸರಿಸಿ ಮುಚ್ಚಿದಳು. ಫೋಟೋ, ಬ್ಯಾನರ್ ಎರಡೂ ನೀಲವ್ವನ ಮನಿಗೆ ಮುಟ್ಟಿದವು.

ಹನ್ನೊಂದನೇ ದಿನ ಬಂತು. ಚಂಪವ್ವ ಫ್ಲೆಕ್ಸ್ ರೋಲ್ ತರಾಕ ಹುಬ್ಬಳ್ಳಿಗೆ ಹೋಗಿದ್ದಳು. ಮುಂಜಾನೆ ನೀಲವ್ವ ಅಂಗಡಿಗೆ ಬಂದಳು. ಎಲ್ಲಾ ಸರಿಯಾತೇನು ತಮ್ಮಾ ಅಂತ ಕೇಳಿದಳು.

"ಎಲ್ಲಾ ಆತು ದೊಡ್ಡವ್ವ. ಒಳಗ ಒಂದು ಉಳದದ. ಗುರುತು ಹತ್ತವಲ್ದಂತ."

ನೀಲವ್ವ ಡಬ್ಬಿಗೆ ಕಿವಿ ಹಚ್ಚಿದಳು. ಹಚ್ಚಿದ ಕಿವಿ ತಗೀಲಿಲ್ಲ.

"ಅವರೇ ಅದಾರೇನು?"

ಕೇಳಿದಾಕಿ ಮನಷಾಳು. ಬಾಯಿಲೆ ಹೇಳಬೇಕು. "ಹೌದು" ಅಂದ ಮುರಿಗೆಪ್ಪ.

"ನನ್ನ ಮಾತು ಅವರಿಗೆ ಕೇಳಸತದೇನು?"

"ಹೌದು."

"ಮನಿಗೆ ಕರಕೊಂಡು ಹೋಗಲೇನು?"

"ಹೌದು" ಅಂದ. ಅಂದಮ್ಯಾಲೆ ಬಿಟ್ಟನೇನು, ಡಬ್ಬಿಯನ್ನ ತಾನ ಹೊತ್ತುಕೊಂಡ. ಮುಂದ ನೀಲವ್ವ, ಹಿಂದ ಮುರಿಗೆಪ್ಪ. ದಾರಿಯೊಳಗ ಆಕಿ ಹಿಂದ ತಿರುಗಿ, ಹಗೂರ, ಹಗೂರ ಅನ್ನಕೋತ ಇದ್ದಳು.

ಮಧ್ಯಾಹ್ನ ಚಂಪವ್ವ ಹುಬ್ಬಳ್ಳಿ ಬಸ್ಸಿಳಿದು ಬಂದು ನೋಡ್ತಾಳ, ಟೇಬಲ್ ಬೋಳು. ಕಿರಾಣಿ ಅಂಗಡಿಯಾಂವ ನೀಲವ್ವನ ಮನಿ ಕಡೆ ಕೈ ತೋರಿಸಿದ. ಓಡಿದಳು. ಪಡಸಾಲಿಯೊಳಗ ಪಂಕ್ತಿ ಕುಂತಿತ್ತು. ಗೋಡಿ ಮ್ಯಾಲೆ ಪರಪ್ಪನ ಫೋಟೋ, ಅದಕ್ಕೊಂದು ಮಾಲಿ. ಅದರ ಕೆಳಗ ಮಣೆ ಮ್ಯಾಲೆ ಆಕಿಯ ಕಂಪ್ಯೂಟರಿನ ಡಬ್ಬಿ, ಹಣಿಗೆ ವಿಭೂತಿ, ಮುಂದ ಎಡಿ, ಎಡಿಯೊಳಗ ಹುಗ್ಗಿ, ಬದನಿಕಾಯಿ ಪಲ್ಯೆ. ಹಿಂದಿನಿಂದ ಒಂದು ವೈರು ಗೋಡಿಗೆ ಹೋಗಿತ್ತು. ಪಂಕ್ತಿಯಾಗ ಯಾರೂ ಮಾತಾಡತಿರಲಿಲ್ಲ. ಎರಡು ಸಣ್ಣ ಉಸಿರು, ತಡೆ, ಸೀಟಿ. ಉಣ್ಣೋರು ಅದರ ತಾಳಕ್ಕ ತುತ್ತು ಎತ್ತತಿದ್ದರು.

ಚಂಪವ್ವ ಫೋಟೋ ನೋಡಿದಳು, ಡಬ್ಬಿ ನೋಡಿದಳು. ತಗಡು ತಾನೇ ಬಿಗಿದಿದ್ದಳು, ಸ್ಕ್ರೂ ಹಂಗೇ ಇದ್ದವು. ನೀಲವ್ವ ಒಲಿ ಕಡಿಂದ ಆಕಿಯನ್ನ ನೋಡಿದಳು, ಬ್ಯಾಡ ಅನ್ನೋ ಹಂಗ. ಆದರ ಚಂಪವ್ವಗ ಆ ಸಪ್ಪಳ ತಡಕೊಳ್ಳಾಕ ಆಗಲಿಲ್ಲ. ಬಡಿಸಕೋತ ನಿಂತ ಮಗನ ಕಿವಿಯಾಗ, ಹೋಗು, ಹೋಗಿ ಆ ವೈರ್ ಕಿತ್ತುಕೊಂಡು ಬಾ ಅಂದಳು. ಕಿತ್ತರ ಅದು ಬಂದ್ ಆಗತದ, ಬಂದ್ ಆದರ ಡಬ್ಬಿ ಹೊತ್ತು ಮನಿಗೆ ನಡೀಬಹುದು ಅಂತ ಆಕಿಯ ಲೆಕ್ಕ.

ಮುರಿಗೆಪ್ಪ ಹುಗ್ಗಿ ಬುಟ್ಟಿ ಕೆಳಗಿಟ್ಟ. ಹೋಗಿ ಗೋಡಿಯಿಂದ ವೈರ್ ಕಿತ್ತ. ಡಬ್ಬಿಯ ಹಿಂದಿನಿಂದಲೂ ಕಿತ್ತ. ಅಚ್ಚುಕಟ್ಟಾಗಿ ಸುತ್ತಿದ, ಡಬ್ಬಿಯನ್ನ ಅಲ್ಲೇ ಬಿಟ್ಟ, ವೈರನ್ನಷ್ಟ ತಂದು ತಾಯಿಯ ಕೈಯಾಗ ಇಟ್ಟ. ತಂದೀನಿ ಯವ್ವಾ ಅಂದ.

ಎರಡು ಸಣ್ಣ ಉಸಿರು. ತಡೆ. ಸೀಟಿ.

ಪಂಕ್ತಿಯಾಗ ಯಾರೂ ತಲಿ ಎತ್ತಲಿಲ್ಲ. ನೀಲವ್ವ ಇನ್ನೊಂದು ಎಲಿ ತಂದು ಹಾಸಿದಳು. ಚಂಪವ್ವ ಸುತ್ತಿದ ವೈರನ್ನ ಉಡಿಯಾಗ ಕಟಗೊಂಡು, ಎಲಿ ಮುಂದ ಕುಂತಳು.